ನಮ್ಮ ಹೋಂಸ್ಟೇ, ನಮ್ಮ ಮನೆತನ ಮತ್ತು ವಿಕಿಪೀಡಿಯ

ಬರೆದದ್ದು ಸುಳ್ಳಲ್ಲದಿದ್ದರೆ ಸಾಕು, ವಿಕಿಪೀಡಿಯದಲ್ಲಿ ಏನು ಬೇಕಾದರೂ ಹಾಕಬಹುದು ಅಂತ ತುಂಬಾ ಹೊಸಬರು ನಂಬಿದ್ದಾರೆ. ಕೊಡಗಿನ ಪುಟಗಳನ್ನು ಆಗಾಗ ತಿದ್ದುವವನಾಗಿ ಹೇಳುತ್ತೇನೆ, ಅಲ್ಲಿ ಹಸಿ ಸುಳ್ಳು ಸಿಗುವುದು ಕಡಿಮೆ. "ಇದು ನಮ್ಮದು" ಅನ್ನುವ ಪ್ರೀತಿಯಿಂದ ಕೆಡುವ ಪುಟಗಳೇ ಜಾಸ್ತಿ.

ಜಲಪಾತವೊಂದರ ಪುಟದಲ್ಲಿ ಇತ್ತೀಚೆಗೆ ಈ ಸಾಲು ಕಂಡೆ: "ಜಲಪಾತದ ಸಮೀಪದಲ್ಲೇ ಪ್ರಕೃತಿಯ ಮಡಿಲಲ್ಲಿ, ರುಚಿಯಾದ ಪಂದಿ ಕರಿ, ಕಡಂಬುಟ್ಟು ಸಿಗುವ ಅತ್ಯುತ್ತಮ ಹೋಂಸ್ಟೇ ಇದೆ." ಪಕ್ಕದಲ್ಲಿ ಫೋನ್ ನಂಬರ್. ಬರೆದವರು ಆ ಹೋಂಸ್ಟೇ ಮಾಲೀಕರೇ. ಸಾಲನ್ನು ತೆಗೆದಾಗ, "ಸರ್, ನಮ್ಮಲ್ಲಿ ಊಟ ನಿಜವಾಗಿಯೂ ಚೆನ್ನಾಗಿದೆ, ಬಂದು ನೋಡಿ" ಅಂದರು. ಚೆನ್ನಾಗಿಯೇ ಇರಬಹುದು. ಆದರೆ ಜಲಪಾತದ ಬಗ್ಗೆ ತಿಳಿಯಲು ಬಂದ ಓದುಗನಿಗೆ, ಈ ಮಾತನ್ನು ಹೇಳುತ್ತಿರುವವರು ಅದರಿಂದ ದುಡಿಯುವವರು ಅಂತ ಗೊತ್ತಾಗುವುದು ಹೇಗೆ? ಹಿತಾಸಕ್ತಿ ಸಂಘರ್ಷ ಅಂದರೆ ಇಷ್ಟೇ. ಇನ್ನು, ಲಿಂಕ್ ಹಾಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವೆ ಅನ್ನುವ ಆಸೆಯೂ ಬೇಡ. ಹೊರಗಿನ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಸರ್ಚ್ ಎಂಜಿನ್‌ಗಳಿಗೆ ಹೇಳುವ ಗುರುತನ್ನು ವಿಕಿಪೀಡಿಯ 2007ರಿಂದಲೇ ಹಾಕುತ್ತಿದೆ.

ದುಡ್ಡಿನ ವಿಷಯ ಬೇಗ ಕಣ್ಣಿಗೆ ಬೀಳುತ್ತದೆ. ಮನೆತನದ ವಿಷಯ ಹಾಗಲ್ಲ. ಸೇನೆಯಲ್ಲಿದ್ದ ತಾತನ ಬಗ್ಗೆ, ನಮ್ಮ ಐನ್‌ಮನೆಯ (ಮನೆತನದ ಮೂಲ ಮನೆಯ) ಬಗ್ಗೆ, ನಮ್ಮ ಒಕ್ಕ (ಕೊಡವ ಮನೆತನ) ನಡೆಸಿಕೊಟ್ಟ ಹಾಕಿ ಹಬ್ಬದ ಬಗ್ಗೆ ಬರೆಯುವಾಗ ಕೈ ತಾನಾಗಿಯೇ "ಅಪ್ರತಿಮ", "ಅದ್ದೂರಿ" ಅಂತ ಬರೆದುಬಿಡುತ್ತದೆ. ಮನೆಯೊಳಗಿನ ಆಸ್ತಿ ಜಗಳ ಮಾತ್ರ ಪುಟಕ್ಕೆ ಬರುವುದೇ ಇಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಆ ಹಾಕಿ ಹಬ್ಬವನ್ನೇ ನೋಡಿ. ನಮ್ಮ ಮನೆಯವರು ಸ್ಟಿಕ್ ಹಿಡಿದು ಇಳಿದ ಪಂದ್ಯಕ್ಕೆ ನಾವೇ ಸೀಟಿ ಊದುವ ಅಂಪೈರ್ ಆದರೆ ಎದುರು ಒಕ್ಕದವರು ಒಪ್ಪುತ್ತಾರಾ? ನಾವು ಎಷ್ಟೇ ನ್ಯಾಯವಾಗಿ ನಡೆದುಕೊಂಡರೂ ಅನುಮಾನ ಹೋಗುವುದಿಲ್ಲ.

ಹಾಗಂತ ನಂಟು ಇರುವವರು ಬಾಯಿ ಮುಚ್ಚಿ ಕೂರಬೇಕು ಅಂತ ನಾನು ಹೇಳುವುದಿಲ್ಲ. ತೊರೆಯ ಹೆಸರು ತಪ್ಪಾಗಿದ್ದರೆ ಮೊದಲು ಗೊತ್ತಾಗುವುದು ಅದರ ದಡದಲ್ಲಿ ತೋಟ ಇರುವವರಿಗೇ. ಅವರು ಮಾಡಬೇಕಾದ್ದು ಎರಡೇ ಕೆಲಸ. ವಿಕಿಪೀಡಿಯದಲ್ಲಿ ತಮ್ಮ ಖಾತೆಗೆ ಇರುವ ಸದಸ್ಯ ಪುಟದಲ್ಲಿ ತಾವು ಯಾರು, ಏನು ನಂಟು ಅಂತ ಬರೆಯುವುದು. ಪುಟವನ್ನು ತಾವೇ ತಿದ್ದದೆ, ಪ್ರತಿ ಲೇಖನದ ಜೊತೆಗೂ ಇರುವ ಚರ್ಚೆ ಪುಟದಲ್ಲಿ ಕೇಳುವುದು. "ನಾನು ಈ ಜಲಪಾತದ ಹತ್ತಿರ ಹೋಂಸ್ಟೇ ನಡೆಸುತ್ತೇನೆ. ಪುಟದಲ್ಲಿ ತೊರೆಯ ಹೆಸರು ತಪ್ಪಾಗಿದೆ. ಜಿಲ್ಲಾ ಗೆಜೆಟಿಯರ್‌ನ ಇಂಥ ಪುಟದಲ್ಲಿ ಸರಿಯಾದ ಹೆಸರಿದೆ. ದಯವಿಟ್ಟು ನೋಡಿ ಬದಲಿಸಿ." ಇಷ್ಟು ಸಾಕು. ಸಂಬಳಕ್ಕೋ ಫೀಸಿಗೋ ಬರೆಯುವವರಿಗಂತೂ ಇದು ಬರೀ ಮರ್ಯಾದೆಯ ಮಾತಲ್ಲ. ಯಾರು ದುಡ್ಡು ಕೊಡುತ್ತಿದ್ದಾರೆ, ಯಾರ ಪರವಾಗಿ ಬರೆಯುತ್ತಿದ್ದೇವೆ ಅಂತ ತಿಳಿಸಲೇಬೇಕು ಅಂತ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆ 2014ರಲ್ಲೇ ಬಳಕೆಯ ನಿಯಮಕ್ಕೆ ಸೇರಿಸಿದೆ.

ತಾತನ ವಿಷಯಕ್ಕೆ ಇನ್ನೂ ಒಳ್ಳೆಯ ದಾರಿ ಇದೆ. ನೀವೇ ತೆಗೆದ ಐನ್‌ಮನೆಯ, ಕೈಮಡದ (ಹಿರಿಯರ ಗುಡಿಯ), ಪುತ್ತರಿ ಕೋಲಾಟದ ಫೋಟೋಗಳನ್ನು ವಿಕಿಪೀಡಿಯದ ಫೋಟೋ ಭಂಡಾರವಾದ ಕಾಮನ್ಸ್‌ಗೆ ಹಾಕಿ. ಫೋಟೋದಲ್ಲಿ ಹೊಗಳಿಕೆ ನುಸುಳುವ ಭಯ ಕಡಿಮೆ. ಬರಹವನ್ನು ಬೇರೆಯವರು ಪುಸ್ತಕ, ಪತ್ರಿಕೆ ನೋಡಿ ಬರೆಯಲಿ.

ಇಲ್ಲಿಂದ ಮುಂದಿನದು ಹಳೆಯ ಸಂಪಾದಕರಿಗೆ, ನನ್ನನ್ನೂ ಸೇರಿಸಿ. ಹೊಸಬರ ಬರಹವನ್ನು "ಜಾಹೀರಾತು" ಅಂತ ಒಂದೇ ಪದ ಬರೆದು ಅಳಿಸಿಹಾಕಿದರೆ ಅವರು ಎಲ್ಲಿಗೆ ಹೋಗುತ್ತಾರೆ? 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ 381 ಖಾತೆಗಳನ್ನು ಒಟ್ಟಿಗೆ ನಿರ್ಬಂಧಿಸಿದ ಪ್ರಕರಣ ನೆನಪಿರಲಿ. ಆ ಗುಂಪು ಹುಡುಕಿ ಹಿಡಿಯುತ್ತಿದ್ದದ್ದು ಲೇಖನ ತಿರಸ್ಕೃತವಾದ ಸಣ್ಣ ವ್ಯಾಪಾರಿಗಳನ್ನು, ಕಲಾವಿದರನ್ನು. ದುಡ್ಡು ಕೊಡಿ, ನಿಮ್ಮ ಪುಟ ಉಳಿಸಿಕೊಡುತ್ತೇವೆ ಅನ್ನುತ್ತಿದ್ದರು. ಆಮೇಲೆ ಪುಟ "ಕಾಯಲು" ತಿಂಗಳು ತಿಂಗಳು ಮತ್ತೆ ವಸೂಲಿ. ನಾವು ಸೌಜನ್ಯದಿಂದ ಎರಡು ಮಾತು ಹೇಳದೆ ಕಳಿಸಿದವರೇ ಇಂಥವರ ಬಲೆಗೆ ಬೀಳುವುದು. ಕಾಫಿಗೆ, ಏಲಕ್ಕಿಗೆ ಸ್ವಂತ ಬ್ರ್ಯಾಂಡ್ ಕಟ್ಟಲು ಹೊರಟ ನಮ್ಮ ಹುಡುಗ ಹುಡುಗಿಯರಿಗೂ "ವಿಕಿಪೀಡಿಯ ಪುಟ ಮಾಡಿಕೊಡುತ್ತೇವೆ" ಅನ್ನುವ ಮೆಸೇಜ್ ಬರುತ್ತಿದೆ. ಅಂಥವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪುಟ ಉಳಿಯುತ್ತದೆ ಅಂತ ಗ್ಯಾರಂಟಿ ಕೊಡುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ.

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಇವತ್ತಿಗೂ ಕಾಯುವ ಕಣ್ಣುಗಳು ಕಡಿಮೆ. ಇಂಗ್ಲಿಷ್‌ನಲ್ಲಿ ಬೇಗ ಯಾರದ್ದಾದರೂ ಕಣ್ಣಿಗೆ ಬೀಳುವ ಸಾಲು ಇಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಶಾಲೆಯ ಮಕ್ಕಳು ಅದನ್ನೇ ಪ್ರಾಜೆಕ್ಟ್‌ಗೆ ಬರೆದುಕೊಳ್ಳುತ್ತಾರೆ. ಚರ್ಚೆ ಪುಟದಲ್ಲಿ ಕೇಳಿದವರಿಗೆ ಉತ್ತರವೂ ಸಿಗುವುದಿಲ್ಲ ಅನ್ನುವ ದೂರು ಇದೆ, ಅದು ನಿಜ. ಅದಕ್ಕೇ ಕೊಡಗಿನ ಊರು, ಹೊಳೆ, ಬೆಟ್ಟಗಳ ಪುಟಗಳನ್ನು ನನ್ನ ವೀಕ್ಷಣಾಪಟ್ಟಿಗೆ (ಪುಟ ಬದಲಾದರೆ ತೋರಿಸುವ ಪಟ್ಟಿಗೆ) ಸೇರಿಸಿಕೊಂಡಿದ್ದೇನೆ. ನಿಮ್ಮ ಕೋರಿಕೆ ಚರ್ಚೆ ಪುಟದಲ್ಲಿ ಹಾಗೇ ಬಿದ್ದಿದ್ದರೆ ಅದರ ಲಿಂಕನ್ನು ಇಲ್ಲಿ ಕಾಮೆಂಟ್‌ನಲ್ಲಿ ಹಾಕಿ, ಅಥವಾ ಎಲ್ಲ ಸಂಪಾದಕರು ಮಾತಾಡಿಕೊಳ್ಳುವ ವಿಕಿಪೀಡಿಯದ ಅರಳಿ ಕಟ್ಟೆ ಪುಟದಲ್ಲಿ ಕೇಳಿ. ಆಧಾರ ಕೊಟ್ಟಿದ್ದರೆ ನಾನೇ ನೋಡಿ ತಿದ್ದುತ್ತೇನೆ. ತಿದ್ದಲು ಆಗದಿದ್ದರೆ ಯಾಕೆ ಆಗುವುದಿಲ್ಲ ಅಂತ ಅಲ್ಲೇ ಬರೆಯುತ್ತೇನೆ.