1,842 ಸಲ ಅಲ್ಲ, ಬರೀ ಐದು ಸೆಕೆಂಡು

"ಸಾವಿರದ ಎಂಟುನೂರ ನಲವತ್ತೆರಡು ಸಲ ಓವರ್‌ರೆವ್ ಆಗಿದೆ ಸಾರ್. ವಾರಂಟಿ ಬರಲ್ಲ."

ನನ್ನ ಕಾರಿನ ರಿವರ್ಸ್ ಗೇರ್ ಹೋಗಿದೆ, ವಾರಂಟಿಯಲ್ಲಿ ಸರಿಮಾಡಿ ಅಂದಿದ್ದಕ್ಕೆ ಇವತ್ತು ಬೆಳಿಗ್ಗೆ ಸರ್ವೀಸ್ ಅಡ್ವೈಸರ್ ಆ ಅಂಕಿಯನ್ನ ಬಿಡಿಸಿ ಬಿಡಿಸಿ, ಜೋರಾಗಿ ಓದಿದ. ಓವರ್‌ರೆವ್ ಅಂದ್ರೆ ಇಂಜಿನ್ ತನ್ನ ಮಿತಿಗಿಂತ ಜೋರಾಗಿ ತಿರುಗೋದು. ಕಾಯ್ತಾ ಕೂತಿದ್ದ ನಾಲ್ಕು ಜನ ತಲೆ ಎತ್ತಿದ್ರು. ಒಬ್ಬರು ಪಕ್ಕದಲ್ಲಿದ್ದ ಮಗನ ಮುಖ ನೋಡಿ ನಕ್ಕರು. ಆಮೇಲೆ ಟ್ಯಾಬ್ ನನ್ನ ಕಡೆ ತಿರುಗಿಸಿ ಆ ಸಾಲಿನ ಕೆಳಗೆ ಬೆರಳಿಟ್ಟ, ಮಾರ್ಕ್ಸ್ ಕಾರ್ಡಲ್ಲಿ ಕೆಂಪು ಗೆರೆ ತೋರಿಸೋ ಮೇಷ್ಟ್ರ ಥರ. "ಗಾಡಿ ಓಡಿಸೋ ರೀತಿನೂ ಸ್ವಲ್ಪ ನೋಡ್ಕೋಬೇಕು ಸಾರ್." ಬಾಯಿಂದ ಮಾತೇ ಹೊರಡಲಿಲ್ಲ. ಲೆಕ್ಕ ಹೊಳೆದದ್ದು ಹೊರಗೆ ಬಂದು ಆಟೋ ಹತ್ತಿದ ಮೇಲೆ.

ಅದು "ಸಲ" ಅಲ್ಲವೇ ಅಲ್ಲ! ಅದು ಸ್ಪಾರ್ಕಿನ ಎಣಿಕೆ. ಇಂಜಿನ್ ಆ ಮಿತಿಯ ಕೆಂಪು ಗೆರೆ ದಾಟಿದಾಗ ಕಂಪ್ಯೂಟರ್ ಪ್ರತಿ ಕಿಡಿಯನ್ನೂ ಎಣಿಸಿ ಇಟ್ಕೊಳುತ್ತೆ. ಆರು ಸಿಲಿಂಡರ್, ಫೋರ್ ಸ್ಟ್ರೋಕ್ (ಪ್ರತಿ ಸಿಲಿಂಡರ್‌ಗೆ ಎರಡು ಸುತ್ತಿಗೊಂದು ಕಿಡಿ), ಅಂದ್ರೆ ಇಂಜಿನ್ ಒಂದು ಸುತ್ತು ತಿರುಗಿದ್ರೆ ಮೂರು ಕಿಡಿ. 7,500 ಆರ್‌ಪಿಎಂನಲ್ಲಿ, ಅಂದ್ರೆ ನಿಮಿಷಕ್ಕೆ 7,500 ಸುತ್ತಲ್ಲಿ, ನಿಮಿಷಕ್ಕೆ 22,500 ಕಿಡಿ, ಸೆಕೆಂಡಿಗೆ 375. 1,842ನ್ನ 375ರಿಂದ ಭಾಗಿಸಿ. ಐದು ಸೆಕೆಂಡೂ ಆಗಲ್ಲ. ಎರಡು ವರ್ಷ ನಾಲ್ಕು ತಿಂಗಳಲ್ಲಿ, ಎಲ್ಲಾ ಕೂಡಿಸಿ, ಐದು ಸೆಕೆಂಡು. ಮಿತಿ ಎಷ್ಟು ಮೀರಿತು ಅನ್ನೋದನ್ನ ಕಂಪ್ಯೂಟರ್ ಹಂತ ಹಂತವಾಗಿ ಬರೆದಿಡುತ್ತೆ. ಇದು ಬರೀ ಹಂತ ಒಂದರಲ್ಲಿ, ಅಂದ್ರೆ ಆಕ್ಸಿಲರೇಟರ್ ಒತ್ತಿದಾಗ ರೆವ್ ಲಿಮಿಟರ್ (ಇಂಜಿನ್ ಮಿತಿ ಮೀರದಂತೆ ತಡೆಯೋ ವ್ಯವಸ್ಥೆ) ತಾಗಿದ್ದು. ಆ ಲಿಮಿಟರ್ ಇಟ್ಟವರೇ ಕಂಪನಿಯವರು. ಅದರ ಮೇಲಿನ ಹಂತಗಳಲ್ಲೆಲ್ಲಾ ಸೊನ್ನೆ. ಆ ಸೊನ್ನೆಗಳನ್ನ ಅವನು ಓದಲಿಲ್ಲ.

ಇಂಜಿನ್ ಹಾಳು ಮಾಡೋ ಓವರ್‌ರೆವ್ ಬೇರೆ. ಮ್ಯಾನ್ಯುಯಲ್ ಗಾಡಿಯಲ್ಲಿ ಐದರಿಂದ ನಾಲ್ಕಕ್ಕೆ ಇಳಿಸೋಕೆ ಹೋಗಿ ಎರಡಕ್ಕೆ ಬಿದ್ರೆ ಚಕ್ರಗಳೇ ಇಂಜಿನ್ನನ್ನ ಎಳ್ಕೊಂಡು ತಿರುಗಿಸ್ತಾವೆ, ಲಿಮಿಟರ್ ಕೈಲಿ ಏನೂ ಆಗಲ್ಲ. ನನ್ನದು ಡ್ಯುಯಲ್ ಕ್ಲಚ್, ಅಂದ್ರೆ ಗೇರನ್ನ ಕಂಪ್ಯೂಟರೇ ಬದಲಿಸೋ ಗೇರ್‌ಬಾಕ್ಸ್. ಸ್ಟೀರಿಂಗ್ ಹಿಂದಿನ ಗೇರ್ ಪ್ಯಾಡಲ್ ಎಷ್ಟೇ ಎಳೆದ್ರೂ, ರೆವ್ ಮೀರೋ ಹಾಗಿದ್ರೆ ಗೇರ್‌ಬಾಕ್ಸ್ ಕೆಳಗೆ ಇಳಿಯಲ್ಲ.

ಇನ್ನು ಕೆಟ್ಟಿರೋದಾದ್ರೂ ಏನು? ಇಂಜಿನ್ ಅಲ್ಲ. ಗೇರ್‌ಬಾಕ್ಸ್ ಒಳಗೆ ಶಿಫ್ಟ್ ಫೋರ್ಕ್ (ಗೇರನ್ನ ತಳ್ಳಿ ಕೂರಿಸೋ ಕವಲು) ಎಲ್ಲಿದೆ ಅಂತ ಹೇಳೋ ಪೊಸಿಷನ್ ಸೆನ್ಸರ್. ಅದರ ಸಿಗ್ನಲ್ ತಪ್ಪಿದ್ರೆ ಕಂಪ್ಯೂಟರ್ ಆ ಗೇರನ್ನ ನಂಬಲ್ಲ, ಬಂದ್ ಮಾಡುತ್ತೆ. ಹೋಗಿರೋದು ರಿವರ್ಸ್. ಅವರದೇ ಪ್ರಿಂಟಲ್ಲಿ ಫಾಲ್ಟ್ ಕೋಡ್ ಪಕ್ಕ ಫ್ರೀಜ್ ಫ್ರೇಮ್, ಅಂದ್ರೆ ದೋಷ ಬಂದ ಕ್ಷಣದ ದಾಖಲೆ, ಇದೆ: ವೇಗ 0, ಇಂಜಿನ್ 720 ಆರ್‌ಪಿಎಂ, ಇಂಜಿನ್ ಓಡಿದ 611ನೇ ಗಂಟೆ. ಅಂದ್ರೆ ಬೇಸ್‌ಮೆಂಟ್ ಪಾರ್ಕಿಂಗಲ್ಲಿ, ನಿಂತಲ್ಲೇ. ಆ ಓವರ್‌ರೆವ್ ಕೊನೇ ಸಲ ದಾಖಲಾಗಿದ್ದು 96ನೇ ಗಂಟೆಯಲ್ಲಿ. ನಡುವೆ 515 ಗಂಟೆ. ಐದು ಸೆಕೆಂಡು ಅಷ್ಟು ಗಂಟೆ ಹೊಂಚು ಹಾಕಿ ಕೂತಿದ್ದು, ನಿಂತ ಗಾಡಿಯಲ್ಲಿ ಬಂದು ಒಂದು ಸೆನ್ಸರ್ ಕೊಲ್ತಾ? ಹೇಗೆ ಅಂತ ಯಾರಾದ್ರೂ ಒಬ್ಬರು ಹೇಳಿ. ಅಡ್ವೈಸರ್ ಹೇಳ್ಲಿ, ವರ್ಕ್ಸ್ ಮ್ಯಾನೇಜರ್ ಹೇಳ್ಲಿ, ಮುಂಬೈ ಹೆಡ್ ಆಫೀಸ್‌ನವರು ಹೇಳ್ಲಿ.

ಸೆನ್ಸರ್ ಒಂದನ್ನೇ ಬದಲಿಸಿ ಅಂದ್ರೆ "ಅದು ಬಿಡಿಯಾಗಿ ಬರಲ್ಲ ಸಾರ್, ಪೂರ್ತಿ ಗೇರ್‌ಬಾಕ್ಸೇ." ಎಸ್ಟಿಮೇಟ್ 19 ಲಕ್ಷ, ಟ್ಯಾಕ್ಸ್ ಬೇರೆ.

ಒಂದೊಂದು ಸಲ ಸಾಕಪ್ಪಾ ಅನ್ಸುತ್ತೆ. ಹಳೇ ಗೇರ್‌ಬಾಕ್ಸ್‌ಗಳನ್ನ ಬಿಚ್ಚಿ ಸೆನ್ಸರ್ ಹಾಕೋ ಹೊರಗಿನವರನ್ನ ಹುಡುಕಿ, ಎಣ್ಣೆ ಬದಲಿಸಿ, ಕ್ಯಾಲಿಬ್ರೇಷನ್ ಮಾಡಿಸಿ ಮುಗಿಸಿಬಿಡೋಣ. ಆದ್ರೆ ಹೊರಗೆ ಬಿಚ್ಚಿದ ದಿನವೇ ವಾರಂಟಿ ಇಲ್ಲ ಅನ್ನೋಕೆ ಅವರಿಗೆ ನಿಜವಾದ ಕಾರಣ ಸಿಕ್ಕಂಗೆ. ಸಾಕ್ಷಿಯೂ ಹೋಯ್ತು. ಇಲ್ಲ, ಬಿಚ್ಚಿಸಲ್ಲ.

ಇದೇ ಥರ ಗಾಡಿ ನಿಂತಿರೋರು ಜಾಬ್ ಕಾರ್ಡಿನ ಹಿಂಬದಿ ಓದಿ. "ವಾರಂಟಿ ಮಂಜೂರಾಗದಿದ್ದರೆ ಬಿಚ್ಚಿ ಜೋಡಿಸುವ ಕೂಲಿ ಗ್ರಾಹಕರದ್ದು" ಅನ್ನೋ ಸಾಲು ಇರುತ್ತೆ. ಸಹಿ ಹಾಕೋ ಮುಂಚೆ ಅದರ ಪಕ್ಕ "ಆಕ್ಷೇಪಣೆ ಇದೆ" ಅಂತ ಕೈಯಲ್ಲಿ ಬರೆದು, ಫೋಟೋ ತೆಗೀರಿ. ಫಾಲ್ಟ್ ಕೋಡ್ ಅಳಿಸೋದಕ್ಕೆ ಮುಂಚೆ ಪೂರ್ತಿ ಪ್ರಿಂಟ್ ಕೇಳಿ, ಯಾಕಂದ್ರೆ ಕೋಡ್ ಅಳಿಸಿದ್ರೆ ಫ್ರೀಜ್ ಫ್ರೇಮೂ ಹೋಗುತ್ತೆ. ಓವರ್‌ರೆವ್ ಲೆಕ್ಕ ಮಾತ್ರ ಹಾಗೇ ಉಳ್ಕೊಳುತ್ತೆ. ಅಂದ್ರೆ ಅವರ ಕಾಗದ ಉಳಿಯುತ್ತೆ, ನಿಮ್ಮದು ಮಾಯ. ನಿರಾಕರಣೆ ಬಾಯಲ್ಲಿ ಬೇಡ. ವಾರಂಟಿ ಪುಸ್ತಕದ ಯಾವ ಷರತ್ತು, ಯಾವ ಪುಟ ಅಂತ ಮೇಲ್‌ನಲ್ಲಿ ಬರಲಿ. ನೋಟಿಸ್ ಡೀಲರ್‌ಗೂ ಕಂಪನಿಗೂ ಇಬ್ಬರಿಗೂ ಹೋಗ್ಬೇಕು. ಇಲ್ಲದಿದ್ರೆ ಅವರು ಇವರ ಕಡೆ, ಇವರು ಅವರ ಕಡೆ ಕೈ ತೋರಿಸ್ತಾರೆ.

ಗ್ರಾಹಕರ ಆಯೋಗಕ್ಕೆ ಹೋಗ್ಬಹುದು, ಗೊತ್ತು. 2019ರ ಕಾಯ್ದೆಯಲ್ಲಿ ಲೆಕ್ಕಕ್ಕೆ ಬರೋದು ಕೊಟ್ಟ ಬೆಲೆ, ರಿಪೇರಿ ಖರ್ಚಲ್ಲ. 50 ಲಕ್ಷ ದಾಟಿ 2 ಕೋಟಿವರೆಗಿನ ಗಾಡಿ ಅಂದ್ರೆ ಜಿಲ್ಲಾ ಆಯೋಗ ಅಲ್ಲ, ನೇರ ರಾಜ್ಯ ಆಯೋಗ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಹಾಕ್ಬೇಕು. ಗಾಡಿಯನ್ನ ಪರೀಕ್ಷೆಗೆ ಕಳಿಸಿ ಅಂತ 38ನೇ ಸೆಕ್ಷನ್‌ನಲ್ಲಿ ಕೇಳೋಕೂ ದಾರಿ ಇದೆ. ಪರೀಕ್ಷೆ ಬೇಕಾದ ಕೇಸು ಐದು ತಿಂಗಳಲ್ಲಿ ಮುಗೀಬೇಕು ಅನ್ನುತ್ತೆ ಕಾಯ್ದೆ. ಮುಗಿಯುತ್ತಾ? ಐದು ತಿಂಗಳಲ್ಲ, ಐದು ವರ್ಷ ಎಳೆದ್ರೂ ಕೇಳೋರಿಲ್ಲ. ಅಷ್ಟರಲ್ಲಿ ಟೈರ್ ಚಪ್ಪಟೆಯಾಗಿ, ಬ್ಯಾಟರಿ ಸತ್ತು, ವಾರಂಟಿಯೂ ಮುಗಿದಿರುತ್ತೆ. ಆದ್ರೂ ಹಾಕ್ತೀನಿ.

"ಕೋಟಿ ಗಾಡಿ ಇಟ್ಕೊಂಡು ಏನು ಅಳು" ಅಂತ ಹೇಳೋರು ದಯವಿಟ್ಟು ಸುಮ್ನಿರಿ. ವಾರಂಟಿ ತಪ್ಪಿಸೋಕೆ ಬಳಸೋ "ದುರ್ಬಳಕೆ" ಅನ್ನೋ ಪದ ಎಪ್ಪತ್ತು ಸಾವಿರದ ಸ್ಕೂಟರ್‌ನ ವಾರಂಟಿ ಪುಸ್ತಕದಲ್ಲೂ ಇದೆ. ಅಲ್ಲೂ ಅದನ್ನ ಹೀಗೇ ಬಳಸ್ತಾರೆ: ಗ್ರಾಹಕನಿಗೆ ಅರ್ಥವಾಗದ ಒಂದು ದೊಡ್ಡ ಅಂಕಿ ಹಿಡಿದು, ನಾಲ್ಕು ಜನರೆದುರು ಓದಿ, ನಾಚಿಸಿ ಕಳಿಸೋದು.

ಸಂಜೆ 6:40ಕ್ಕೆ ವಾಟ್ಸಾಪ್ ಬಂತು. ಏಳು ದಿನದಲ್ಲಿ ಎಸ್ಟಿಮೇಟ್ ಒಪ್ಪದಿದ್ರೆ ದಿನಕ್ಕೆ 1,500 ರೂಪಾಯಿ ಪಾರ್ಕಿಂಗ್ ಚಾರ್ಜ್ ಅಂತೆ. ರಿವರ್ಸೇ ಇಲ್ಲದ ಗಾಡಿ, ಅವರದೇ ಲಿಫ್ಟಿನ ಮೇಲೆ! 1,842ನ್ನ 375ರಿಂದ ಭಾಗಿಸಿ, ಉತ್ತರ ಮತ್ತು ಷರತ್ತಿನ ಸಂಖ್ಯೆ ಎರಡನ್ನೂ ಕಳಿಸಿ ಅಂತ ಬರೆದೆ. ಓದಿದಾರೆ. ಇನ್ನೂ ಏನೂ ಬಂದಿಲ್ಲ.