ಹೊಟ್ಟೆಯಿಲ್ಲದವರ ಹಸಿವು

ಗೋಲ್ಡ್‌ಫಿಷ್‌ಗೆ ಜಠರವಿಲ್ಲ. ಗಂಟಲಿನಿಂದ ಇಳಿದದ್ದು ನೇರ ಕರುಳಿಗೆ. ತುಂಬಿಸಿಕೊಳ್ಳಲು ಚೀಲವೇ ಇಲ್ಲದ ಮೇಲೆ ದಿನವಿಡೀ ತಿನ್ನುತ್ತಲೇ ಇರುವುದು ಅದರ ಜಾಯಮಾನ. ಇಂಥ ಪ್ರಾಣಿಯನ್ನು, ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಿಂದಲೇ ಇನ್ನೊಂದು ಹೋಳಿಗೆ ಜಾರಿಸುವ ನಮ್ಮಂಥವರ ಮನೆಗೆ ತಂದಿಟ್ಟರೆ ಏನಾಗಬೇಕೋ ಅದೇ ಆಗುತ್ತದೆ.

ನಮ್ಮ ಮನೆಯ ಹಾಲ್‌ನಲ್ಲಿರುವ ನಾಲ್ಕಡಿ ಟ್ಯಾಂಕಿನಲ್ಲಿ ಮೂವರ ವಾಸ, ಮೂರು ತಳಿಯ ಗೋಲ್ಡ್‌ಫಿಷ್. ಬಿಳಿ ಮೈ, ನೆತ್ತಿಯ ಮೇಲೆ ಕೆಂಪು ಟೋಪಿಯ ಒರಂಡಾ. ಕಣ್ಣು ಹೊರಚಾಚಿದ ಕಪ್ಪು ಬ್ಲ್ಯಾಕ್ ಮೂರ್. ಬೆನ್ನು ಉಬ್ಬಿದ ರ್‍ಯುಕಿನ್. ಗೋಲ್ಡ್‌ಫಿಷ್‌ನ ನೆನಪು ಮೂರು ಸೆಕೆಂಡಿನದು ಎಂದು ಯಾರು ಹಬ್ಬಿಸಿದರೋ! ಅಪ್ಪ ಪೇಪರ್ ಹಿಡಿದು ಎದುರಿಗೆ ಕೂತರೆ ಈ ಮೂವರೂ ಕಣ್ಣೆತ್ತಿ ನೋಡುವುದಿಲ್ಲ. ಅಮ್ಮನ ಸೀರೆಯ ಅಂಚು ಅಡುಗೆಮನೆ ಬಾಗಿಲಲ್ಲಿ ಕಂಡರೆ ಸಾಕು, ಗಾಜಿಗೆ ಮೂತಿಯೊತ್ತಿ, ಇಡೀ ಮೈ ಅಲ್ಲಾಡಿಸಿಕೊಂಡು ಹಾಜರ್.

“ಪಾಪ ಕಣೋ, ಬಾಯಿ ಬಾಯಿ ಬಿಡ್ತಿದಾವೆ.”

“ಈಗ ತಾನೇ ತಿಂದಿದಾವಮ್ಮ.”

“ಎರಡು ಕಾಳು ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೆ?”

ಹೋಗುವುದು ಗಂಟಲ್ಲ, ನೀರು. ಉಂಡದ್ದರಲ್ಲಿ ಒಂದು ಪಾಲು ಕಡೆಗೆ ಅಮೋನಿಯಾ ಆಗಿ ಕಿವಿರುಗಳಿಂದ ಅದೇ ನೀರಿಗೆ ಇಳಿಯುತ್ತದೆ. ಅದೇ ನೀರಲ್ಲಿ ಉಸಿರಾಟ. ಇದನ್ನು ಸಂಭಾಳಿಸುವ ಕೆಲಸದಾಳುಗಳು ಫಿಲ್ಟರಿನ ಸ್ಪಾಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳು. ಒಂದು ಪಂಗಡ ಅಮೋನಿಯಾವನ್ನು ನೈಟ್ರೈಟ್ ಮಾಡಿದರೆ ಇನ್ನೊಂದು ಅದನ್ನು ಅಷ್ಟೊಂದು ಕೇಡಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಸಂಸಾರ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ತಂದ ದಿನವೇ ಮೀನು ಬಿಟ್ಟು, ವಾರದಲ್ಲಿ ಸತ್ತಿತೆಂದು ಅಂಗಡಿಯವನನ್ನು ಬೈಯುವವರು ಬಹಳ. ಗುಂಡನೆಯ ಗಾಜಿನ ಬೌಲಿನ ಮಾತು ಎತ್ತಲೇಬೇಡಿ. ಅದರಲ್ಲಿ ಹೂವಿಡಲಿ.

ಸ್ಪಾಂಜನ್ನು ನಲ್ಲಿಯಡಿ ತೊಳೆಯುವಂತಿಲ್ಲ, ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸಾಯುತ್ತವೆ. ಟ್ಯಾಂಕಿನಿಂದಲೇ ಒಂದು ಬಕೆಟ್ ನೀರು ತೆಗೆದು, ಅದರಲ್ಲಿ ಮೆಲ್ಲಗೆ ಹಿಂಡಬೇಕು. ಮಡಿ-ಮುಸುರೆಯಲ್ಲಿ ಬೆಳೆದ ಅಮ್ಮನಿಗೆ ಇದು ಒಪ್ಪಿಗೆಯಾಗುವುದೇ ಇಲ್ಲ. “ಮುಸುರೆ ನೀರಲ್ಲೇ ಮುಸುರೆ ಪಾತ್ರೆ ತೊಳೆದ ಹಾಗಾಯ್ತು,” ಎಂದು ಬಕೆಟ್ ಕಂಡಾಗಲೆಲ್ಲ ಮೂಗು ಮುರಿಯುತ್ತಾಳೆ. ಹೊರಚೆಲ್ಲಿದ ಆ ನೀರು ಕುಡಿದು ಅವಳ ಕರಿಬೇವು ಚಿಗುರುವುದಕ್ಕೆ ಮಾತ್ರ ತಕರಾರಿಲ್ಲ.

ಇವುಗಳ ದುಂಡುಮೈ ದೇವರು ಕೊಟ್ಟದ್ದಲ್ಲ. ಸಾವಿರ ವರ್ಷದ ಹಿಂದೆ ಚೀನಾದ ಕೊಳಗಳಲ್ಲಿ, ಬೂದುಬಣ್ಣದ ಸಾಧಾರಣ ಮೀನುಗಳ ನಡುವೆ ಕಂಡ ಕೆಂಪು-ಹಳದಿ ಮರಿಗಳನ್ನು ಆರಿಸಿ ಬೆಳೆಸುತ್ತ ಬಂದವರು ಮನುಷ್ಯರು. ಆಮೇಲೆ ಬೆನ್ನೆಲುಬು ಗಿಡ್ಡವಾಯಿತು, ಬಾಲ ಇಬ್ಭಾಗವಾಯಿತು, ಜಪಾನಿನ ರಂಚು ತಳಿಗೆ ಬೆನ್ನಿನ ರೆಕ್ಕೆಯೇ ಹೋಯಿತು. ಕಣ್ಣಿನ ಕೆಳಗೆ ನೀರುಗುಳ್ಳೆ ಹೊತ್ತು ತಿರುಗುವ ಬಬಲ್ ಐ ಕಂಡರೆ ನನಗೆ ಚಂದಕ್ಕಿಂತ ಸಂಕಟವೇ ಹೆಚ್ಚು. ಆ ಜಾತಿ ಮನೆಗೆ ಬೇಡ ಎಂದಿದ್ದೇನೆ. ಟೋಪಿಯ ಒರಂಡಾ ತಂದವನು ಇಷ್ಟು ನ್ಯಾಯ ಹೇಳಬಹುದೇ ಎಂದರೆ, ಹೇಳುತ್ತೇನೆ.

ಉದ್ದವಿರಬೇಕಾದ ಮೈಯನ್ನು ಚೆಂಡು ಮಾಡಿದರೆ ಒಳಗಿನ ಕರುಳೂ ತೇಲಿಸುವ ಗಾಳಿಚೀಲವೂ ಒಂದನ್ನೊಂದು ಒತ್ತಿಕೊಂಡೇ ಇರಬೇಕು. ತಿಂದದ್ದು ಹೆಚ್ಚಾಗಿ ಮಲಬದ್ಧತೆಯಾದರೆ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. ಸತ್ತಿಲ್ಲ; ಕಣ್ಣು ನಮ್ಮನ್ನೇ ನೋಡುತ್ತಿರುತ್ತದೆ. ಮೊದಲು ಮಾಡುವ ಮದ್ದು ಉಪವಾಸ, ಅದಾದ ಮೇಲೆ ಬೇಯಿಸಿ ಸಿಪ್ಪೆ ಸುಲಿದ ಹಸಿರು ಬಟಾಣಿ. ಹಾಗಾಗದಂತೆ ವಾರಕ್ಕೊಂದು ದಿನ ಊಟ ತಪ್ಪಿಸುವುದೂ ಒಳ್ಳೆಯದೇ. ಅದನ್ನು ಅಮ್ಮನಿಗೆ ಒಪ್ಪಿಸಲು ವಿಜ್ಞಾನ ನೆರವಿಗೆ ಬರಲಿಲ್ಲ. “ಇವಕ್ಕೂ ಶನಿವಾರ ಒಪ್ಪತ್ತು” ಎಂದೆ. ಅಮ್ಮ ಒಂದು ಗಳಿಗೆ ಯೋಚಿಸಿದಳು.

“ಒಪ್ಪತ್ತು ಅಂದ್ರೆ ನಾವು ರಾತ್ರಿ ಅವಲಕ್ಕಿನಾದ್ರೂ ತಿಂತೀವಿ. ಇವಕ್ಕೆ ಫಲಾಹಾರ?”

ಬಟಾಣಿ ಎಂದು ರಾಜಿಯಾಯಿತು. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಬಹುಮಾನವಾಗಿ ಮನೆ ಸೇರಿದ ಟಿಶ್ ಎಂಬ ಗೋಲ್ಡ್‌ಫಿಷ್ 43 ವರ್ಷ ಬದುಕಿ 1999ರಲ್ಲಿ ಸತ್ತಿತು ಎಂದು ಓದಿ ಹೇಳಿದಾಗ ಅಮ್ಮನ ಉತ್ಸಾಹ ಇಮ್ಮಡಿಸಿತು. ನಮ್ಮ ಮನೆ ಸಾಲ ತೀರುವುದಕ್ಕೂ ಅಷ್ಟು ವರ್ಷ ಬೇಡ. ಟಿಶ್ ಉದ್ದಮೈಯ ಸಾದಾ ಜಾತಿ, ದುಂಡನೆಯವು ಅಷ್ಟು ಬಾಳುವುದು ಅಪರೂಪ ಎಂಬ ಮಾತನ್ನು ನುಂಗಿಕೊಂಡೆ.

ಈಗ ಶನಿವಾರ ಸಂಜೆ ಅಮ್ಮ ಕೂತು, ಹಿತಕಿದ ಬೇಳೆಗೆ ಅವರೆಕಾಳು ಹಿಸುಕಿದ ಅದೇ ಪಳಗಿದ ಬೆರಳುಗಳಲ್ಲಿ, ಬೆಂದ ಬಟಾಣಿಯ ಸಿಪ್ಪೆ ಚಿಮ್ಮಿಸುತ್ತಾಳೆ. ಮೊನ್ನೆ ಅಪ್ಪ ಪೇಪರ್ ಇಳಿಸಿ ಕೇಳಿದರು: “ನನ್ನ ಸಾಗುಗೆ ಯಾವತ್ತಾದ್ರೂ ಹೀಗೆ ಒಂದೊಂದೇ ಸುಲಿದು ಹಾಕಿದ್ದೀಯಾ?”

“ಮೊದಲು ನೀವು ತಲೆಕೆಳಗಾಗಿ ತೇಲಿ, ಆಮೇಲೆ ನೋಡೋಣ,” ಎಂದಳು ಅಮ್ಮ.