ಸೆಕೆಂಡ್ ಹ್ಯಾಂಡ್ ಗಾಡಿಗೆ ಎಕ್ಸ್‌ಟೆಂಡೆಡ್ ವಾರಂಟಿ: ಸಹಿ ಹಾಕುವ ಮೊದಲು

"ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಲಾ, ಬೇಡವಾ?" ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರ ಮುಂದೆ ಈ ಪ್ರಶ್ನೆ ಬರುವುದು ಎಲ್ಲ ಮುಗಿಯುವ ಹೊತ್ತಿಗೆ. ಗಾಡಿ ಆರಿಸಿಯಾಗಿದೆ, ಬೆಲೆ ಕುದುರಿದೆ, ಸಾಲ ಮಂಜೂರಾಗಿದೆ, ಕೀ ಕೈಗೆ ಬರಲು ಒಂದು ಸಹಿ ಬಾಕಿ. ಆಗ ಮೇಜಿನ ಆಚೆ ಕೂತವರು ಇನ್ನೊಂದು ಕಾಗದ ಮುಂದಿಡುತ್ತಾರೆ: ಮುಂದೆ ಗಾಡಿ ಕೆಟ್ಟರೆ ರಿಪೇರಿ ಖರ್ಚು ಕೊಡುತ್ತೇವೆ ಅನ್ನುವ, ದುಡ್ಡು ಕೊಟ್ಟು ಕೊಳ್ಳಬೇಕಾದ ಕರಾರು. "ಗೇರ್‌ಬಾಕ್ಸ್ ಹೋದರೆ ಎಷ್ಟಾಗುತ್ತೆ ಗೊತ್ತಾ ಸರ್? ಇದಿದ್ದರೆ ನಿಶ್ಚಿಂತೆ. ಕಂತಿಗೆ ಸ್ವಲ್ಪವೇ ಸೇರುತ್ತೆ ಅಷ್ಟೇ." ಬೆಳಗ್ಗಿಂದ ಓಡಾಡಿ ದಣಿದವರು ಆ ಹೊತ್ತಿನಲ್ಲಿ ಹೂಂ ಅಂದುಬಿಡುತ್ತಾರೆ.

ದಯವಿಟ್ಟು ಆ ಮೇಜಿನ ಮುಂದೆ ಇದನ್ನು ತೀರ್ಮಾನಿಸಬೇಡಿ. ಕರಾರಿನ ಪೂರ್ತಿ ಪ್ರತಿ ಕೇಳಿ. ಬಣ್ಣದ ಕೈಪಿಡಿ ಸಾಲದು, ಷರತ್ತುಗಳೆಲ್ಲ ಇರುವ ಪ್ರತಿಯೇ ಬೇಕು. ಮನೆಗೆ ತಂದು ಓದಿ. "ಇವತ್ತು ಮಾತ್ರ ಈ ರೇಟು" ಅಂದರೂ ಹೆದರಬೇಡಿ, ವಾರಂಟಿ ಮಾರುವವರು ಬೇರೆಯವರೂ ಇದ್ದಾರೆ. ಓದಲು ಪ್ರತಿ ಕೊಡುವುದಿಲ್ಲ ಅಂದರೆ ಆ ವಿಷಯ ಅಲ್ಲಿಗೇ ಬಿಟ್ಟುಬಿಡಿ.

ಇದು ವಿಮೆಯ ಲೆಕ್ಕದ ಮೇಲೆ ನಡೆಯುವ ವ್ಯವಹಾರ. ಗ್ರಾಹಕರೆಲ್ಲ ಕಟ್ಟಿದ ಹಣದಲ್ಲೇ ಕೆಟ್ಟ ಗಾಡಿಗಳ ರಿಪೇರಿ ಆಗಬೇಕು, ಮಾರಿದವರ ಕಮಿಷನ್ ಹೊರಡಬೇಕು, ಕಂಪನಿಯ ಖರ್ಚು ಮತ್ತು ಲಾಭವೂ ಬರಬೇಕು. ಹಾಗಾಗಿ ಎಲ್ಲರನ್ನೂ ಒಟ್ಟಿಗೆ ನೋಡಿದರೆ ಗ್ರಾಹಕರಿಗೆ ವಾಪಸ್ ಬರುವುದು ಕಟ್ಟಿದ್ದಕ್ಕಿಂತ ಕಡಿಮೆ. ಇದರಲ್ಲಿ ಮೋಸವೇನೂ ಇಲ್ಲ, ಎಲ್ಲ ವಿಮೆಯೂ ಹೀಗೇ. ಆದರೆ "ಲಾಭ ಆಗುತ್ತಾ?" ಅಂತ ಕೇಳಿಕೊಂಡರೆ ಉತ್ತರ ಸಿಕ್ಕುವುದಿಲ್ಲ. ಕೇಳಿಕೊಳ್ಳಬೇಕಾದದ್ದು ಬೇರೆ: ಮುಂದಿನ ತಿಂಗಳು ಗೇರ್‌ಬಾಕ್ಸೋ ಎಂಜಿನ್ನೋ ಕೈಕೊಟ್ಟರೆ, ಆ ಬಿಲ್ ಕಟ್ಟಿದ ಮೇಲೂ ನನ್ನ ಮನೆ ಎಂದಿನಂತೆ ನಡೆಯುತ್ತದಾ?

ನಡೆಯುತ್ತದೆ ಅನ್ನುವವರಿಗೆ ನನ್ನ ಅಭಿಪ್ರಾಯ ಸ್ಪಷ್ಟ: ವಾರಂಟಿ ಬೇಡ. ಅದಕ್ಕೆ ಕೊಡುವಷ್ಟೇ ಹಣವನ್ನು ಗಾಡಿಯ ಹೆಸರಿನಲ್ಲಿ ಬೇರೆ ಖಾತೆಯಲ್ಲಿಡಿ. ಆ ಹಣ ಟೈರಿಗೂ ಆಗುತ್ತದೆ, ಬ್ರೇಕಿಗೂ ಆಗುತ್ತದೆ, ಕ್ಲಚ್ ಪ್ಲೇಟಿಗೂ ಆಗುತ್ತದೆ. ಹಳೇ ಗಾಡಿಯಲ್ಲಿ ನಿಜವಾಗಿ ಪದೇ ಪದೇ ಬರುವ ಖರ್ಚು ಇವೇ, ಮತ್ತು ಸಾಮಾನ್ಯವಾಗಿ ವಾರಂಟಿಗಳು ಇವಕ್ಕೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಏನೂ ಕೆಡದಿದ್ದರೆ ದುಡ್ಡು ನಿಮ್ಮದೇ.

ಸಂಕಟ ಇರುವುದು ಇನ್ನೊಂದು ಕಡೆ. ಖಾತೆಯಲ್ಲಿ ಏನೂ ಇಲ್ಲದವರು, ಇದ್ದದ್ದನ್ನೆಲ್ಲ ಗಾಡಿಗೇ ಸುರಿದವರು, ದಿನದ ಕೆಲಸಕ್ಕೆ ಅದೇ ಗಾಡಿಯನ್ನು ನಂಬಿದವರು. ಉಳಿತಾಯ ಮಾಡಿ ಅಂತ ಅವರಿಗೆ ಹೇಳುವುದು ಸುಲಭ. ಆದರೆ ಮೂರನೇ ತಿಂಗಳಲ್ಲೇ ಟರ್ಬೊ ಹೋದರೆ ಆ ಹೊತ್ತಿಗೆ ಖಾತೆಯಲ್ಲಿ ಏನಿರುತ್ತದೆ? ಇಂಥವರಿಗೆ ವಾರಂಟಿಯಿಂದ ನಿಜಕ್ಕೂ ಪ್ರಯೋಜನ ಆಗಬಹುದು ಅಂತ ನಾನು ನಂಬುತ್ತೇನೆ. ಆದರೆ ಕೆಟ್ಟ ಕರಾರು ಅತಿ ಹೆಚ್ಚು ನೋಯಿಸುವುದೂ ಇವರನ್ನೇ. ಬಾಡಿಗೆಗೆ, ಡೆಲಿವರಿಗೆ ಓಡುವ ಗಾಡಿಗೆ ಅನ್ವಯಿಸುವುದಿಲ್ಲ ಅನ್ನುವ ಷರತ್ತು ಅನೇಕ ಕರಾರುಗಳಲ್ಲಿರುತ್ತದೆ. ಅದೇ ಗಾಡಿಯಲ್ಲಿ ದುಡಿದು ಅದೇ ದುಡಿಮೆಯಿಂದ ಕಂತು ಕಟ್ಟಿದ ಮನುಷ್ಯನಿಗೆ ಕ್ಲೇಮ್ ಹೊತ್ತಲ್ಲಿ ಈ ಷರತ್ತು ತೋರಿಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಮಾರುವಾಗಲೇ ಬಾಯಿಬಿಟ್ಟು ಹೇಳಬೇಕಾದ ಮಾತದು. ಅವರು ಹೇಳದಿದ್ದರೆ ನೀವೇ ಕೇಳಿ: "ನಾನು ಈ ಗಾಡಿಯನ್ನು ಇಂಥ ಕೆಲಸಕ್ಕೆ ಬಳಸುತ್ತೇನೆ, ಆಗುತ್ತದಾ?" ಉತ್ತರವನ್ನು ಬರಹದಲ್ಲೇ ಪಡೆಯಿರಿ.

ವಾರಂಟಿಯನ್ನು ಸಾಲಕ್ಕೆ ಸೇರಿಸುವುದರ ಬಗ್ಗೆಯೂ ಒಂದು ಮಾತು. ಎರಡು ವರ್ಷದ ವಾರಂಟಿಯನ್ನು ಐದು ವರ್ಷದ ಸಾಲಕ್ಕೆ ಸೇರಿಸಿದರೆ, ವಾರಂಟಿ ಮುಗಿದ ಮೇಲೂ ಮೂರು ವರ್ಷ ಅದಕ್ಕೆ ಬಡ್ಡಿ ಸಮೇತ ಕಟ್ಟುತ್ತಿರುತ್ತೀರಿ. "ಕಂತಿಗೆ ಸ್ವಲ್ಪವೇ" ಅಂದಾಗ, ಕೊನೆಯ ಕಂತಿನವರೆಗೆ ಒಟ್ಟು ಎಷ್ಟಾಗುತ್ತದೆ ಅಂತ ಅಲ್ಲೇ ಬರೆಸಿಕೊಳ್ಳಿ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಒಂದು ಪ್ರಬಂಧ ಹಳೇ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿತ್ತು. ಮಾರುವವನಿಗೆ ಗಾಡಿಯ ಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಂತರದಿಂದ ಒಳ್ಳೆಯ ಗಾಡಿಗೂ ಒಳ್ಳೆಯ ಬೆಲೆ ಸಿಗದೆ, ಒಳ್ಳೆಯ ಗಾಡಿಯವರು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾರೆ ಅನ್ನುವುದು ಅವರ ವಾದ. 2001ರಲ್ಲಿ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಜೊತೆ ಅವರಿಗೆ ನೊಬೆಲ್ ಬಂತು. ಆ ಅಂತರವನ್ನು ತಗ್ಗಿಸುವ ದಾರಿಗಳಲ್ಲಿ ಗ್ಯಾರಂಟಿಯೂ ಒಂದು ಅಂತ ಅಕರ್ಲಾಫ್ ಆ ಪ್ರಬಂಧದಲ್ಲೇ ಹೇಳಿದ್ದರು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಇದು: ಮಾರುವವನೇ ತನ್ನ ಜೇಬಿನಿಂದ "ಆರು ತಿಂಗಳು ಏನಾದರೂ ಆದರೆ ನಾನು ನೋಡಿಕೊಳ್ಳುತ್ತೇನೆ" ಅಂದರೆ, ಗಾಡಿಯ ಮೇಲೆ ಅವನಿಗಿರುವ ನಂಬಿಕೆ ಅದರಲ್ಲಿ ಕಾಣುತ್ತದೆ. ಕೆಟ್ಟ ಗಾಡಿಗೆ ಅಂಥ ಮಾತು ಕೊಟ್ಟರೆ ನಷ್ಟ ಅವನಿಗೇ. ಬೇರೊಂದು ಕಂಪನಿಯ ವಾರಂಟಿಯನ್ನು ನಿಮ್ಮ ದುಡ್ಡಿನಲ್ಲಿ ನಿಮಗೇ ಮಾರಿದಾಗ ಗಾಡಿಯ ಬಗ್ಗೆ ನಿಮಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ವಾರಂಟಿಗೆ ದುಡ್ಡು ಕೊಡುವ ಮೊದಲು ಮಾರುವವರನ್ನೇ ಕೇಳಿ ನೋಡಿ: ಕೆಲವು ತಿಂಗಳ ಹೊಣೆ ನೀವೇ ಬರೆದುಕೊಡುತ್ತೀರಾ? ಅವರ ಉತ್ತರವೂ, ಉತ್ತರಿಸುವ ಮೊದಲಿನ ತಡವರಿಕೆಯೂ ನಿಮಗೆ ಉಪಯೋಗಕ್ಕೆ ಬರುತ್ತದೆ.

ಗಾಡಿ ಮಾರುವವರ ಜೊತೆ ಯಾವ ಸಂಬಂಧವೂ ಇಲ್ಲದ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸುವುದು ಇದಕ್ಕಿಂತಲೂ ಮುಖ್ಯ. ಲಿಫ್ಟ್ ಮೇಲೆ ಹಾಕಿ ಕೆಳಗಿಂದ ನೋಡಬೇಕು, ಸ್ಕ್ಯಾನರ್ ಹಾಕಿ ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದಬೇಕು, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಕೇಳಬೇಕು. ಕೊಳ್ಳುವ ಮೊದಲೇ ಇದ್ದ ದೋಷಕ್ಕೆ ವಾರಂಟಿ ಬರುವುದಿಲ್ಲ. ಅದಕ್ಕೇ ಅನೇಕ ಕರಾರುಗಳಲ್ಲಿ ಮೊದಲ ಕೆಲವು ವಾರ ಅಥವಾ ಮೊದಲ ಇಷ್ಟು ಕಿಲೋಮೀಟರ್ ಕ್ಲೇಮ್ ಇಲ್ಲ ಅಂತ ಕಾಯುವ ಅವಧಿ ಇರುತ್ತದೆ. "ಗಾಡಿ ಬಗ್ಗೆ ಸ್ವಲ್ಪ ಅನುಮಾನ ಇದೆ, ಆದರೆ ವಾರಂಟಿ ಇದೆಯಲ್ಲ" ಅಂತ ಕೊಳ್ಳುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಅನುಮಾನ ಇದ್ದರೆ ಆ ಗಾಡಿಯನ್ನೇ ಬಿಡಿ.

ಇನ್ನು ಕರಾರು ಓದುವ ವಿಷಯ. "ಏನೇನು ಸಿಗುತ್ತದೆ" ಅನ್ನುವ ಪುಟವನ್ನು ಎಲ್ಲರೂ ಓದುತ್ತಾರೆ. ನೀವು ಮೊದಲು "ಏನೇನು ಸಿಗುವುದಿಲ್ಲ" ಅನ್ನುವ ಪುಟ ತೆಗೆಯಿರಿ. ಕರಾರುಗಳಲ್ಲಿ ಎರಡು ಬಗೆ. ಒಂದರಲ್ಲಿ ರಕ್ಷಣೆ ಇರುವ ಭಾಗಗಳ ಪಟ್ಟಿ ಇರುತ್ತದೆ, ಪಟ್ಟಿಯಲ್ಲಿಲ್ಲದ್ದು ಯಾವುದೂ ಇಲ್ಲ. ಇನ್ನೊಂದರಲ್ಲಿ ರಕ್ಷಣೆ ಇಲ್ಲದ ಭಾಗಗಳ ಪಟ್ಟಿ ಇರುತ್ತದೆ, ಉಳಿದದ್ದೆಲ್ಲ ಇದೆ. ಎರಡನೆಯದು ದುಬಾರಿ, ಆದರೆ ಜಗಳಕ್ಕೆ ಎಡೆ ಕಡಿಮೆ. ಮೊದಲ ಬಗೆಯಲ್ಲಿ "ಎಂಜಿನ್" ಅಂತ ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಎಂಜಿನ್ನಿನ ಒಳಗೆ ಎಣ್ಣೆಯಲ್ಲಿ ಓಡುವ ಭಾಗಗಳು ಮಾತ್ರ ಅಂತ ಬರೆದಿರುತ್ತಾರೆ. ಆಗ ಸೀಲ್, ಗ್ಯಾಸ್ಕೆಟ್, ಹೋಸ್, ಸೆನ್ಸರ್, ವೈರಿಂಗ್ ಎಲ್ಲ ಹೊರಗೆ. ಹಳೇ ಗಾಡಿಯಲ್ಲಿ ಕೆಡುವುದು ಬಹಳ ಸಲ ಇವೇ.

ಸವೆತ ಅನ್ನುವ ಷರತ್ತಿನ ಮೇಲೆ ಬೆರಳಿಟ್ಟು ಓದಿ. ಥಟ್ಟನೆ ಮುರಿದದ್ದಕ್ಕೆ ದುಡ್ಡು ಕೊಡುತ್ತೇವೆ, ಬಳಕೆಯಿಂದ ಕ್ರಮೇಣ ಸವೆದದ್ದಕ್ಕೆ ಇಲ್ಲ ಅನ್ನುವುದು ಅದರ ತಾತ್ಪರ್ಯ. ಎಂಬತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿಯಲ್ಲಿ ಸವೆಯದ ಭಾಗ ಯಾವುದು? ಬೇರಿಂಗ್ ಹೋಯಿತು ಅಂದರೆ ಸವೆದೇ ಹೋಗಿರುತ್ತದೆ. ಕ್ಲೇಮ್ ತಿರಸ್ಕರಿಸಲು ಈ ಒಂದು ಷರತ್ತು ಸಾಕು. ಸವೆತಕ್ಕೂ ರಕ್ಷಣೆ ಕೊಡುವ ಕರಾರುಗಳೂ ಇವೆ. ನಿಮ್ಮದು ಅಂಥದ್ದೇ ಅಂತ ಖಚಿತ ಮಾಡಿಕೊಳ್ಳದೆ ಮುಂದುವರಿಯಬೇಡಿ.

ಎಂಜಿನ್ನಿನ ಒಳಗೆ ಪಿಸ್ಟನ್ ಮತ್ತು ವಾಲ್ವ್‌ಗಳ ಓಟವನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಉದಾಹರಣೆ ತೆಗೆದುಕೊಳ್ಳಿ. ಅದು ಹರಿದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವ್‌ಗೆ ಬಡಿಯುತ್ತದೆ, ವಾಲ್ವ್‌ಗಳು ಬಾಗುತ್ತವೆ, ಎಂಜಿನ್ ಬಿಚ್ಚಲೇಬೇಕಾಗುತ್ತದೆ. ದೊಡ್ಡ ಬಿಲ್. ಆದರೆ ಕ್ಲೇಮ್ ಸಿಗಲು ಆ ಬೆಲ್ಟನ್ನು ತಯಾರಕರು ಹೇಳಿದ ಅವಧಿಗೆ ಬದಲಾಯಿಸಿದ್ದಕ್ಕೆ ಪುರಾವೆ ಬೇಕು. ಬದಲಾಯಿಸಬೇಕಾದವರು ಹಿಂದಿನ ಮಾಲೀಕರು, ರಸೀದಿ ಕೇಳುವುದು ನಿಮ್ಮನ್ನು. ಸರ್ವಿಸ್ ದಾಖಲೆ ಪೂರ್ತಿ ಇಲ್ಲದ ಗಾಡಿಗೆ ವಾರಂಟಿ ಕೊಳ್ಳುವುದು ನನ್ನ ಪ್ರಕಾರ ದುಡ್ಡು ಕಳೆದುಕೊಂಡಂತೆ. ಕೊಂಡ ಮೇಲೂ ಅಷ್ಟೇ, ಆಯಿಲ್ ಬದಲಾಯಿಸಿದ ಪ್ರತಿ ಬಿಲ್ಲನ್ನೂ ತಾರೀಖು ಮತ್ತು ಕಿಲೋಮೀಟರ್ ಸಮೇತ ಇಟ್ಟುಕೊಳ್ಳಬೇಕು.

ರಿಪೇರಿಗೆ ಮೊದಲೇ ಕಂಪನಿಯ ಅನುಮತಿ ಪಡೆಯಬೇಕು ಅನ್ನುವುದು ಹೆಚ್ಚು ಕಡಿಮೆ ಎಲ್ಲ ಕಡೆಯೂ ಇದೆ. ದಾರಿಯಲ್ಲಿ ನಿಂತ ಗಾಡಿಯನ್ನು ಹತ್ತಿರದ ಗ್ಯಾರೇಜಿನಲ್ಲಿ ಸರಿ ಮಾಡಿಸಿ ಬಿಲ್ ಕಳಿಸಿದರೆ ಅನುಮತಿ ಇರಲಿಲ್ಲ ಅಂತ ವಾಪಸ್ ಬರುತ್ತದೆ. ಬಿಚ್ಚಿ ನೋಡುವ ಕೂಲಿಯ ಪ್ರಶ್ನೆಯೂ ಇದೆ. ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದ ಮೇಲೆ ಕಾರಣ ರಕ್ಷಣೆಯ ಹೊರಗಿನದು ಅಂತಾದರೆ, ಇಳಿಸಿದ ಕೂಲಿಯೂ ಮತ್ತೆ ಜೋಡಿಸುವ ಕೂಲಿಯೂ ನಿಮ್ಮ ತಲೆಗೆ. ನನ್ನ ಪರಿಚಯದವರೊಬ್ಬರಿಗೆ ಹೀಗೇ ಆಯಿತು. ರಿಪೇರಿಯನ್ನೂ ತಮ್ಮ ಕೈಯಿಂದಲೇ ದುಡ್ಡು ಹಾಕಿ ಮಾಡಿಸಿದರು. ಟೆಂಪರೇಚರ್ ದೀಪ ಹೊತ್ತಿದ ಮೇಲೂ ಗಾಡಿ ಓಡಿಸಿದ್ದೀರಿ ಅನ್ನುವುದು ಅವರಿಗೆ ಕೊಟ್ಟ ಕಾರಣ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೆದ್ದಾರಿಯಲ್ಲಿದ್ದ ಮನುಷ್ಯ, ಬೆಳಕಿರುವ ಜಾಗದವರೆಗೆ ಓಡಿಸಿದ್ದರು ಅಷ್ಟೇ. ನಿಯಮ ಮಾತ್ರ ಅವರ ಕಡೆ ಇರಲಿಲ್ಲ. ದೀಪ ಹೊತ್ತಿದರೆ ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಟೋ ಮಾಡಿಸಿ. ಟೋ ಖರ್ಚು ಕರಾರಿನಲ್ಲಿ ಸೇರಿದೆಯಾ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಒಂದು ಕ್ಲೇಮಿಗೆ ಎಷ್ಟು ಮಿತಿ, ಒಟ್ಟು ಎಷ್ಟು ಮಿತಿ, ಪ್ರತಿ ಸಲ ನಿಮ್ಮ ಕೈಯಿಂದ ಎಷ್ಟು, ಗಾಡಿಯ ವಯಸ್ಸಿಗೆ ತಕ್ಕಂತೆ ಬಿಡಿಭಾಗದ ಬೆಲೆಯಲ್ಲಿ ಎಷ್ಟು ಕಡಿತ, ಇವನ್ನೂ ನೋಡಿ. ಗೇರ್‌ಬಾಕ್ಸಿನ ಅರ್ಧ ಬೆಲೆಯೂ ಆಗದ ಮಿತಿ ಹಾಕಿದ ಕರಾರು ನಿಮ್ಮ ಭಯಕ್ಕೆ ಉತ್ತರವಲ್ಲ.

ಜಾಹೀರಾತಿನ ಮಾತಿಗೂ ಕರಾರಿನ ಮಾತಿಗೂ ಎಷ್ಟು ದೂರ ಇರಬಹುದು ಅನ್ನುವುದಕ್ಕೆ ಒಂದು ದಾಖಲಾದ ಪ್ರಕರಣ ಇದೆ. ಇಂಥ ವಾರಂಟಿ ಮಾರುವ ಕಾರ್‌ಶೀಲ್ಡ್ ಅನ್ನುವ ಅಮೆರಿಕದ ಕಂಪನಿ ಮತ್ತು ಅದರ ಕರಾರುಗಳನ್ನು ನಿರ್ವಹಿಸುತ್ತಿದ್ದ ಸಂಸ್ಥೆ 1 ಕೋಟಿ ಡಾಲರ್ ಕಟ್ಟಲು ಒಪ್ಪಿರುವುದಾಗಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಆಯೋಗ ಫೆಡರಲ್ ಟ್ರೇಡ್ ಕಮಿಷನ್ 2024ರ ಜುಲೈನಲ್ಲಿ ಪ್ರಕಟಿಸಿತು. ಜಾಹೀರಾತು ನೋಡಿದವರಿಗೆ ರಿಪೇರಿಯೆಲ್ಲ ಕಂಪನಿಯ ಖರ್ಚಿನಲ್ಲೇ ಆಗುತ್ತದೆ, ಇಷ್ಟ ಬಂದ ಗ್ಯಾರೇಜಿಗೆ ಹೋಗಬಹುದು ಅನ್ನಿಸುವಂತಿತ್ತು, ವಾಸ್ತವ ಹಾಗಿರಲಿಲ್ಲ ಅನ್ನುವುದು ಆಯೋಗದ ಆರೋಪ. ಟಿವಿಯಲ್ಲಿ ಹೊಗಳಿದ ಪ್ರಸಿದ್ಧರಲ್ಲಿ ಕೆಲವರು ಅದರ ಗ್ರಾಹಕರೇ ಆಗಿರಲಿಲ್ಲ ಅಂತಲೂ ಆಯೋಗ ಹೇಳಿತ್ತು.

ದುಡ್ಡು ಕೊಡುವ ಮೊದಲು ಪುಕ್ಕಟೆ ಸಿಗುವುದು ಏನಿದೆ ಅಂತಲೂ ನೋಡಬೇಕು. ತಯಾರಕರ ಮೂಲ ವಾರಂಟಿ ಇನ್ನೂ ಉಳಿದಿರಬಹುದು. ಅದು ನಿಮಗೆ ಪೂರ್ತಿ ವರ್ಗವಾಗುತ್ತದಾ ಅನ್ನುವುದು ಕಂಪನಿಗೊಂದು, ದೇಶಕ್ಕೊಂದು ಥರ. ಅಮೆರಿಕದಲ್ಲಿ ಹ್ಯುಂಡೈ ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಕೊಟ್ಟ 10 ವರ್ಷ, 1,00,000 ಮೈಲಿಯ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ಎರಡನೆಯವರಿಗೆ ಅದು 5 ವರ್ಷ, 60,000 ಮೈಲಿಗೆ ಇಳಿಯುತ್ತದೆ. ಯುರೋಪಿನಲ್ಲಿ ಕಿಯಾದ 7 ವರ್ಷದ ವಾರಂಟಿಯಾದರೆ ಗಾಡಿಯ ಜೊತೆಗೇ ಹೊಸ ಮಾಲೀಕರಿಗೆ ಬರುತ್ತದೆ. ಗೊತ್ತಿರುವ ದೋಷಕ್ಕೆ ತಯಾರಕರೇ ವಾರಂಟಿ ಹೆಚ್ಚಿಸಿರುವುದೂ ಉಂಟು. ನಿಸ್ಸಾನ್ ಅಮೆರಿಕದಲ್ಲಿ 2007ರಿಂದ 2010ರ ಮಾಡೆಲ್‌ಗಳ ಸಿವಿಟಿ (ಒಂದು ಬಗೆಯ ಆಟೋಮ್ಯಾಟಿಕ್) ಗೇರ್‌ಬಾಕ್ಸಿಗೆ ಇದ್ದ 5 ವರ್ಷ, 60,000 ಮೈಲಿಯ ವಾರಂಟಿಯನ್ನು 10 ವರ್ಷ, 1,20,000 ಮೈಲಿಗೆ ಏರಿಸಿತ್ತು. ರೀಕಾಲ್ ಆದ, ಅಂದರೆ ತಯಾರಕರು ಗಾಡಿಗಳನ್ನು ವಾಪಸ್ ಕರೆಸಿಕೊಂಡ ದೋಷವನ್ನೂ ತಯಾರಕರೇ ತಮ್ಮ ಖರ್ಚಿನಲ್ಲಿ ಸರಿ ಮಾಡಿಕೊಡುವುದು ವಾಡಿಕೆ. ಚಾಸಿಸ್ ನಂಬರ್ ಹಿಡಿದು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ ಇವೆಲ್ಲ ತಿಳಿಯುತ್ತವೆ. ಎಲೆಕ್ಟ್ರಿಕ್ ಗಾಡಿಯಾದರೆ ಬ್ಯಾಟರಿ ವಾರಂಟಿಯನ್ನೇ ಮೊದಲು ನೋಡಿ. ಹಲವು ತಯಾರಕರು ಬ್ಯಾಟರಿಗೆ 8 ವರ್ಷ, 1,60,000 ಕಿಲೋಮೀಟರ್ ಕೊಡುತ್ತಾರೆ.

ಹಾಗಾದರೆ ಯಾರು ಕೊಳ್ಳಬೇಕು? ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, ಏರ್ ಸಸ್ಪೆನ್ಷನ್, ಹೈಬ್ರಿಡ್ ಯಂತ್ರಾಂಗ ಇರುವ ದುಬಾರಿ ಗಾಡಿಯನ್ನು ಕೊಂಡವರು, ದೊಡ್ಡ ಬಿಲ್ ಒಮ್ಮೆಲೇ ತಡೆದುಕೊಳ್ಳಲಾಗದವರು, ಸರ್ವಿಸ್ ದಾಖಲೆ ಪೂರ್ತಿ ಕೈಯಲ್ಲಿರುವವರು. ಈ ಮೂರೂ ಒಟ್ಟಿಗೆ ಇದ್ದರೆ ಕೊಳ್ಳಿ ಅನ್ನುತ್ತೇನೆ, ಅದೂ ಸಾಧ್ಯವಾದರೆ ಗಾಡಿಯ ತಯಾರಕರದ್ದೇ ವಾರಂಟಿ. ಸರಳ ಪೆಟ್ರೋಲ್ ಎಂಜಿನ್, ಮ್ಯಾನ್ಯುವಲ್ ಗೇರ್, ಬಿಡಿಭಾಗ ಎಲ್ಲೆಡೆ ಸಿಗುವ ಗಾಡಿಯಾದರೆ ಆ ದುಡ್ಡನ್ನು ಮೆಕ್ಯಾನಿಕ್‌ನ ಪರೀಕ್ಷೆಗೂ ಒಳ್ಳೆಯ ಸರ್ವಿಸ್‌ಗೂ ಹಾಕಿ. ಹೊರಗಿನ ಕಂಪನಿಯದೇ ಕೊಳ್ಳುವುದಾದರೆ, ಅದು ಮುಚ್ಚಿದರೆ ಕ್ಲೇಮ್ ಕೊಡುವವರು ಯಾರು, ಹಿಂದೆ ಯಾವ ವಿಮಾ ಸಂಸ್ಥೆ ಇದೆ ಅಂತ ವಿಚಾರಿಸಿ. ಅಮೆರಿಕದಲ್ಲಿ ಇಂಥ ವಾರಂಟಿ ಮಾರುತ್ತಿದ್ದ ಯುಎಸ್ ಫಿಡೆಲಿಸ್‌ನಂಥ ದೊಡ್ಡ ಕಂಪನಿಯೇ 2010ರಲ್ಲಿ ದಿವಾಳಿ ಅರ್ಜಿ ಹಾಕಿತ್ತು.

ಈಗಾಗಲೇ ಸಹಿ ಹಾಕಿ ಮನಸ್ಸಿನಲ್ಲಿ ಕಸಿವಿಸಿ ಪಡುತ್ತಿರುವವರು ಇವತ್ತೇ ಕರಾರು ತೆಗೆದು ರದ್ದತಿಯ ಷರತ್ತು ಓದಿ. ಮೊದಲ ಕೆಲವು ದಿನಗಳಲ್ಲಿ ರದ್ದು ಮಾಡಿದರೆ ಪೂರ್ತಿ ಹಣ, ಆಮೇಲೆ ಉಳಿದ ಅವಧಿಗೆ ತಕ್ಕಷ್ಟು ಹಣ ವಾಪಸ್ ಕೊಡುವ ಕರಾರುಗಳು ಬಹಳ ಇವೆ. ಗಾಡಿ ಮಾರುವಾಗಲೂ, ಸಾಲ ಬೇಗ ತೀರಿಸುವಾಗಲೂ ಇದು ನೆನಪಿರಲಿ. ಕೇಳದವರಿಗೆ ಯಾರೂ ತಾವಾಗಿ ವಾಪಸ್ ಕೊಡುವುದಿಲ್ಲ. ಅರ್ಜಿಯನ್ನು ಬರಹದಲ್ಲಿ ಕೊಟ್ಟು, ಅವರ ಕೈಗೆ ಸೇರಿದ್ದಕ್ಕೆ ಸ್ವೀಕೃತಿ ಪಡೆಯಿರಿ. ವಾರಂಟಿಯನ್ನು ಸಾಲಕ್ಕೆ ಸೇರಿಸಿದ್ದರೆ ವಾಪಸ್ ಬಂದ ಹಣ ಸಾಲದ ಖಾತೆಗೆ ಜಮಾ ಆಗಿದೆಯಾ ಅಂತ ಮುಂದಿನ ಸ್ಟೇಟ್‌ಮೆಂಟಿನಲ್ಲಿ ನೋಡಿ.